ಸೊಮ್‌ನ ಇಳಿಜಾರುಗಳಲ್ಲಿ ನಾಲ್ಕು ದಿನ: ಎಲ್ಲಿ ನಡೆಯಬೇಕು, ಏನು ನೋಡಬೇಕು?

ಪ್ರಶ್ನೆ: ನನಗೆ 62, ನಮ್ಮ ಯಜಮಾನರಿಗೆ 67 ವರ್ಷ. ಮೇ ಕೊನೆಯಲ್ಲಿ ಪ್ಯಾರಿಸ್‌ನಲ್ಲಿರುವ ಮಗಳ ಮನೆಗೆ ಹೋಗುತ್ತಿದ್ದೇವೆ. ಅಲ್ಲಿಂದ ನಾಲ್ಕು ದಿನ ಉತ್ತರ ಫ್ರಾನ್ಸಿನ ಸೊಮ್ ಸೀಮೆಯ ಹಳ್ಳಿಗಾಡಿನಲ್ಲಿ ನಡೆದಾಡಿ ಬರುವ ಆಸೆ. ದಿನಕ್ಕೆ ಏಳೆಂಟು ಕಿಲೋಮೀಟರ್ ನಡೆಯಬಲ್ಲೆವು, ಆದರೆ ಯಜಮಾನರ ಮಂಡಿಗೆ ಕಡಿದಾದ ಹತ್ತು-ಇಳಿ ಆಗದು. ಮೊದಲ ಮಹಾಯುದ್ಧದ ಬಗ್ಗೆ ಶಾಲೆಯಲ್ಲಿ ಓದಿದ್ದಷ್ಟೇ ಗೊತ್ತು. ಯಾವ ದಾರಿ ಹಿಡಿಯಬೇಕು? ನೆಲದಲ್ಲಿ ಇನ್ನೂ ಸಿಡಿಯದ ಶೆಲ್‌ಗಳಿವೆಯಂತೆ, ಅಪಾಯವಿದೆಯೇ? ನಮ್ಮ ದೇಶದ ಸೈನಿಕರ ಗುರುತು ಏನಾದರೂ ಉಳಿದಿದೆಯೇ? ಅಷ್ಟು ಜನ ಸತ್ತ ಜಾಗಕ್ಕೆ ವಿಹಾರಕ್ಕೆಂದು ಹೋಗುವುದು ಸರಿಯೇ ಎಂಬ ಅಳುಕೂ ಇದೆ.

ಉತ್ತರ: ಮಂಡಿಯಿಂದಲೇ ಶುರು ಮಾಡುತ್ತೇನೆ. ಯಜಮಾನರಿಗೆ ಧೈರ್ಯ ಹೇಳಿ. ನಾನು ಕೆಳಗೆ ಹೇಳುವ ದಾರಿಗಳಲ್ಲಿ ಬೆಟ್ಟ ಹತ್ತುವ ಕೆಲಸವಿಲ್ಲ. ಆಂಕ್ರ್ ಹೊಳೆಯ ದಡದಿಂದ ತಿಯೆಪ್ವಾಲ್ ದಿಬ್ಬದ ನೆತ್ತಿಗೆ ಇರುವ ಏರಿಕೆ ನೂರು ಮೀಟರಿಗೂ ಕಡಿಮೆ, ಅದೂ ಒಂದೆರಡು ಕಿಲೋಮೀಟರ್ ಉದ್ದಕ್ಕೆ ಹರಡಿಕೊಂಡಿದೆ. ಕಾರಿನಲ್ಲಿ ಕೂತವರಿಗೆ ಅಲ್ಲೊಂದು ಏರು ಇದೆ ಎಂಬುದೇ ತಿಳಿಯದು. ಆದರೆ ಇದೇ ಏರು ಹತ್ತಲು ಬ್ರಿಟಿಷ್ ಸೈನ್ಯಕ್ಕೆ ಮೂರು ತಿಂಗಳು ಹಿಡಿಯಿತು. ಸೊಮ್ ಕದನ ಶುರುವಾದ 1916ರ ಜುಲೈ 1ರಂದೇ ತಿಯೆಪ್ವಾಲ್ ಹಳ್ಳಿ ಕೈಸೇರಬೇಕೆಂದು ಲೆಕ್ಕ ಹಾಕಿದ್ದರು. ಸೇರಿದ್ದು ಸೆಪ್ಟೆಂಬರ್ ಕೊನೆಯ ವಾರದಲ್ಲಿ.

ಕಾರಣ ಆ ನೆಲದಲ್ಲೇ ಇದೆ. 1914ರ ಶರತ್ಕಾಲದಲ್ಲಿ ಮುನ್ನುಗ್ಗುವುದು ನಿಂತಾಗ, ಎಲ್ಲಿ ಬೇರೂರಬೇಕು ಎಂದು ಆಯ್ದುಕೊಳ್ಳುವ ಅವಕಾಶ ಜರ್ಮನ್ನರಿಗಿತ್ತು. ಅವರು ದಿಬ್ಬಗಳ ನೆತ್ತಿ ಹಿಡಿದರು. ಮೇಲ್ಮಣ್ಣಿನ ಕೆಳಗೆ ಸೀಮೆಸುಣ್ಣದಂಥ ಬಿಳಿ ಕಲ್ಲು. ಅಗೆಯಲು ಸುಲಭ, ಕುಸಿಯುವುದು ಕಡಿಮೆ. ಅದರೊಳಗೆ ಹತ್ತು ಮೀಟರ್ ಆಳದವರೆಗೂ ನೆಲಮನೆಗಳನ್ನು ಕೊರೆದುಕೊಂಡರು. ದಾಳಿಗೆ ಮುಂಚಿನ ಒಂದು ವಾರದಲ್ಲಿ ಬ್ರಿಟಿಷ್ ಫಿರಂಗಿಗಳು ಸುಮಾರು 15 ಲಕ್ಷ ಶೆಲ್ ಹಾರಿಸಿದವು. ಆಳದಲ್ಲಿದ್ದವರು ಬದುಕಿದರು, ಮುಳ್ಳುತಂತಿ ಬಹಳ ಕಡೆ ಹಾಗೇ ಉಳಿಯಿತು. ಫಿರಂಗಿ ನಿಂತೊಡನೆ ಅವರು ಮೆಷಿನ್‌ಗನ್ ಎತ್ತಿಕೊಂಡು ಮೇಲೆ ಬಂದರು. ಆ ಒಂದೇ ದಿನ ಬ್ರಿಟಿಷ್ ಕಡೆ ಸತ್ತವರು 19,240; ಗಾಯಾಳುಗಳು, ಕಾಣೆಯಾದವರು, ಸೆರೆಸಿಕ್ಕವರೂ ಸೇರಿ 57,470. ನವೆಂಬರ್ 18ರಂದು ಕದನ ನಿಂತಾಗ ಎರಡೂ ಕಡೆ ಸೇರಿ ಸತ್ತವರು, ಗಾಯಗೊಂಡವರು ಹತ್ತು ಲಕ್ಷ ದಾಟಿದ್ದರು. ಮುಂದೆ ಸರಿದದ್ದು, ಅತಿ ಹೆಚ್ಚು ಸರಿದ ಕಡೆಯಲ್ಲಿ, ಹತ್ತು ಹನ್ನೆರಡು ಕಿಲೋಮೀಟರ್.

ಹಾಗಾಗಿ ನನ್ನ ಸಲಹೆ ಇಷ್ಟು: ಸ್ಮಾರಕಗಳ ಸಂಖ್ಯೆ ಬೇಡ, ಇಳಿಜಾರು ಆರಿಸಿಕೊಳ್ಳಿ. ಆಲ್ಬೇರ್‌ನಿಂದ ಪೆರೋನ್‌ವರೆಗೆ ಪಾಪಿ ಹೂವಿನ ಗುರುತಿನ ಫಲಕ ಹಾಕಿದ ಸ್ಮರಣೆಯ ದಾರಿ ಒಂದಿದೆ. ಕಾರಿನವರು ಅದನ್ನು ಒಂದೇ ದಿನದಲ್ಲಿ ಮುಗಿಸಿ ಪ್ಯಾರಿಸ್‌ಗೆ ಮರಳುತ್ತಾರೆ. ಫೋಟೋ ಸಿಗುತ್ತದೆ, ನೆಲ ಸಿಗುವುದಿಲ್ಲ. ನೀವು ಎರಡು ಮೂರು ಇಳಿಜಾರುಗಳನ್ನಷ್ಟೇ ಆರಿಸಿ, ದಾಳಿ ಮಾಡಿದವರು ಬಂದ ದಿಕ್ಕಿನಿಂದ ನಡೆದು, ಮೇಲೆ ತಲುಪಿದ ಮೇಲೆ ತಿರುಗಿ ನಿಂತು ಕಾದು ಕೂತವರ ಕಣ್ಣಿನಿಂದ ನೋಡಿ. ಶಾಲೆಯಲ್ಲಿ ಓದಿದ್ದಷ್ಟೇ ಗೊತ್ತು ಎಂದು ಹಿಂಜರಿಯಬೇಡಿ. ತಗ್ಗಿನಲ್ಲಿದ್ದವರು ಯಾರು, ಎತ್ತರದಲ್ಲಿದ್ದವರು ಯಾರು ಎಂಬ ಒಂದು ಪ್ರಶ್ನೆ ಕೈಯಲ್ಲಿದ್ದರೆ ಸಾಕು.

ಉಳಿಯಲು ಆಲ್ಬೇರ್ ಊರೇ ಅನುಕೂಲ. ಪ್ಯಾರಿಸ್‌ನ ಗಾರ್ ದ್ಯು ನೋರ್ ನಿಲ್ದಾಣದಿಂದ ಅಮ್ಯಾಗೆ ರೈಲಿನಲ್ಲಿ ಒಂದೂಕಾಲು ಗಂಟೆ ಆಸುಪಾಸು, ಅಲ್ಲಿಂದ ಆಲ್ಬೇರ್‌ಗೆ ಸುಮಾರು ಅರ್ಧ ಗಂಟೆ. ಬಂದ ದಿನ ಸಂಜೆ ಊರೊಳಗೇ ಅಡ್ಡಾಡಿ. ಬೆಸಿಲಿಕಾದ ಗೋಪುರದ ಮೇಲೆ ಮಗುವನ್ನು ಎತ್ತಿ ಹಿಡಿದ ಬಂಗಾರ ಬಣ್ಣದ ಮೇರಿ ಇದ್ದಾಳೆ. 1915ರ ಜನವರಿಯಲ್ಲಿ ಶೆಲ್ ಬಡಿದು ಈ ಮೂರ್ತಿ ಬೀದಿಯ ಮೇಲೆ ಅಡ್ಡಡ್ಡ ಬಾಗಿ ನಿಂತಿತು. ಅದು ಬಿದ್ದ ದಿನ ಯುದ್ಧ ಮುಗಿಯುತ್ತದೆ ಎಂಬ ನಂಬಿಕೆ ಸೈನಿಕರಲ್ಲಿ ಹಬ್ಬಿತ್ತು. 1918ರ ಏಪ್ರಿಲ್‌ನಲ್ಲಿ ಬಿತ್ತು. ಯುದ್ಧ ಮುಗಿಯಲು ಇನ್ನೂ ಏಳು ತಿಂಗಳು ಬೇಕಾಯಿತು. ಈಗಿನದು ಮರುನಿರ್ಮಾಣ. ಮರುನಿರ್ಮಾಣ ಎಂಬ ಮಾತು ಇಲ್ಲಿ ಎಲ್ಲಕ್ಕೂ ಸಲ್ಲುತ್ತದೆ: ಕದನ ನಡೆದ ಹಳ್ಳಿಗಳ ಮನೆ, ಚರ್ಚು, ಶಾಲೆ ಬಹುಮಟ್ಟಿಗೆ 1920ರ ದಶಕದವು. ಅದನ್ನು ನೆನಪಿಟ್ಟುಕೊಂಡರೆ ಸಾಧಾರಣ ಇಟ್ಟಿಗೆ ಮನೆಗಳೂ ಮಾತಾಡುತ್ತವೆ. ಬೆಸಿಲಿಕಾದ ಪಕ್ಕದಲ್ಲೇ ನೆಲದಡಿಯ ಸುರಂಗದಲ್ಲಿ ಒಂದು ಯುದ್ಧ ಮ್ಯೂಸಿಯಂ ಇದೆ. ಮಳೆ ಬಂದರೆ ಅಲ್ಲಿಗೆ ಹೋಗಿ.

ನಾಲ್ಕು ದಿನದಲ್ಲಿ ಒಂದೇ ನಡಿಗೆ ಸಾಧ್ಯ ಎಂದಿದ್ದರೆ ನಾನು ಹೇಳುತ್ತಿದ್ದದ್ದು ಆಂಕ್ರ್ ಕಣಿವೆಯನ್ನು. ಬೆಳಿಗ್ಗೆ ಟ್ಯಾಕ್ಸಿಯಲ್ಲಿ ಬೋಮೋಂ-ಆಮೆಲ್‌ನ ನ್ಯೂಫೌಂಡ್‌ಲ್ಯಾಂಡ್ ಸ್ಮಾರಕ ವನಕ್ಕೆ ಹೋಗಿ ಇಳಿಯಿರಿ. ಟ್ಯಾಕ್ಸಿಯನ್ನು ಹಿಂದಿನ ದಿನವೇ ಹೇಳಿಟ್ಟಿರಬೇಕು. ಕೈ ಬೀಸಿದರೆ ಗಾಡಿ ನಿಲ್ಲುವ ಊರಲ್ಲ. ವನದಲ್ಲಿ ಕಂದಕಗಳನ್ನು ಮುಚ್ಚದೆ ಹಾಗೇ ಬಿಟ್ಟಿದ್ದಾರೆ, ಹುಲ್ಲು ಬೆಳೆದು ಅಂಚುಗಳು ಮೆತ್ತಗಾಗಿವೆ. ಅಂದು ಕೆನಡಾಕ್ಕೆ ಸೇರದೆ ಬೇರೆಯೇ ಇದ್ದ ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಒಂದೇ ಒಂದು ಪಡೆ ಜುಲೈ 1ರ ಬೆಳಿಗ್ಗೆ ಒಂಬತ್ತೂಕಾಲರ ಹೊತ್ತಿಗೆ ಇಲ್ಲಿಂದ ಹೊರಟಿತು. ಮುಂದಿನ ಕಂದಕಕ್ಕೆ ಹೋಗುವ ದಾರಿಗಳು ಹೆಣಗಳಿಂದ, ಗಾಯಾಳುಗಳಿಂದ ತುಂಬಿಹೋಗಿದ್ದವು. ಹಾಗಾಗಿ ಅವರು ಹಿಂದಿನ ಸಾಲಿನಿಂದಲೇ ಬಯಲಿಗೆ ಹತ್ತಿ, ತಮ್ಮದೇ ಮುಳ್ಳುತಂತಿಯ ಸಂದುಗಳಲ್ಲಿ ತೂರಿ, ಇಳಿಜಾರಿನಲ್ಲಿ ಕೆಳಗೆ ನಡೆದರು. ಇಲ್ಲಿ ಇಳಿಯುವವರ ಪಾಡೇ ಕಷ್ಟ: ಬೆನ್ನ ಹಿಂದೆ ಆಕಾಶ, ಎದುರಿನ ಕೊರಕಲಿನಲ್ಲಿ ಮೆಷಿನ್‌ಗನ್. ಅರ್ಧ ಗಂಟೆಯೊಳಗೆ ಎಲ್ಲ ಮುಗಿಯಿತು. ಸುಮಾರು 800 ಮಂದಿ ಹೊರಟಿದ್ದರು; ಮರುದಿನ ಹಾಜರಿ ಕೂಗಿದಾಗ ಓಗೊಟ್ಟವರು 68. ಕಂಚಿನ ಕ್ಯಾರಿಬೂ ಜಿಂಕೆ ನಿಂತ ದಿಬ್ಬ ಹತ್ತಿದರೆ ಇಡೀ ಮೈದಾನ ಒಂದೇ ನೋಟಕ್ಕೆ ಸಿಗುತ್ತದೆ. ಅದು ಎಷ್ಟು ಚಿಕ್ಕದು ಎಂಬುದೇ ಮೊದಲು ಬಡಿಯುವುದು. ಕೆನಡಾದ ವಿದ್ಯಾರ್ಥಿಗಳು ಇಲ್ಲಿ ಉಚಿತವಾಗಿ ಸುತ್ತಿಸಿ ತೋರಿಸುತ್ತಾರೆ. ಕಾಲುದಾರಿ ಬಿಟ್ಟು ಹುಲ್ಲಿಗೆ ಇಳಿಯಬೇಡಿ. ಅಲ್ಲಿ ಮೇಯಲು ಕುರಿಗಳನ್ನು ಬಿಡುವುದಕ್ಕೂ ನೆಲದಡಿಯ ಸಿಡಿಮದ್ದಿಗೂ ಸಂಬಂಧವಿದೆ.

ವನದಿಂದ ಆಮೆಲ್ ಹಳ್ಳಿಗೆ ಇಳಿಯಿರಿ, ಸುಮಾರು ಎರಡು ಕಿಲೋಮೀಟರ್. ಹಳ್ಳಿ ದಾಟಿ ರೈಲುಹಳಿ, ಆಮೇಲೆ ಆಂಕ್ರ್ ಹೊಳೆ, ಅದರ ಕೆರೆ, ಜೌಗು. ಕುಳಿತು ನೀರು ಕುಡಿಯಲು ಒಳ್ಳೆಯ ಜಾಗ. ಇಲ್ಲಿಂದ ಏರು ಶುರು. ಬಲಗಡೆ ತಿಯೆಪ್ವಾಲ್ ಕಾಡು, ಮೇಲುಗಡೆ ಅಲ್ಸ್ಟರ್ ಗೋಪುರ. ಐರ್ಲೆಂಡಿನ ಉತ್ತರ ಭಾಗದ 36ನೇ ಡಿವಿಷನ್ ಆ ಕಾಡಿನ ಅಂಚಿನಿಂದ ಹೊರಟು, ಅಂದು ಬಹುತೇಕ ಯಾರಿಗೂ ಆಗದ್ದನ್ನು ಸಾಧಿಸಿ ದಿಬ್ಬದ ಮೇಲೆ ಜರ್ಮನ್ನರು ಕಂದಕಗಳಿಂದ ಕಟ್ಟಿಕೊಂಡಿದ್ದ ಶ್ವಾಬೆನ್ ಕೋಟೆಯೊಳಕ್ಕೇ ನುಗ್ಗಿತು. ಎಡಬಲದ ಪಡೆಗಳು ಮುಂದೆ ಬರಲಾಗದ ಕಾರಣ ಸಂಜೆಯ ಹೊತ್ತಿಗೆ ಹಿಂದೆ ಸರಿಯಬೇಕಾಯಿತು. ಆ ಕೋಟೆಯ ಸುರಂಗಗಳ ಮೇಲೇ ಈಗ ಮಿಲ್ ರೋಡ್ ಸಮಾಧಿ ತೋಟವಿದೆ. ಒಳಗೆ ಹೋಗಿ ನೋಡಿ: ಕೆಲವು ಸಮಾಧಿ ಫಲಕಗಳನ್ನು ನಿಲ್ಲಿಸದೆ ಮಲಗಿಸಿದ್ದಾರೆ. ಅಡಿಯ ನೆಲ ಇನ್ನೂ ಕುಸಿಯುತ್ತಿರುವುದರಿಂದ ನೆಟ್ಟ ಕಲ್ಲು ನಿಲ್ಲುವುದಿಲ್ಲ. ಈ ಸೀಮೆಯಲ್ಲಿ ನನಗೆ ಅತಿ ಹೆಚ್ಚು ಇಷ್ಟವಾದ ಜಾಗ ಇದು. ದೊಡ್ಡ ಸ್ಮಾರಕಗಳಿಗಿಂತ ಹೆಚ್ಚು ಹೇಳುತ್ತದೆ. ಗೇಟಿನ ಬಳಿ ನಿಂತು ಕೆಳಗೆ ನೋಡಿದರೆ ನೀವು ನಡೆದು ಬಂದ ದಾರಿ, ಹೊಳೆ, ಆಚೆ ದಡದ ವನ ಎಲ್ಲವೂ ಬಿಚ್ಚಿಟ್ಟಂತೆ ಕಾಣುತ್ತವೆ. ಇಲ್ಲಿದ್ದವನ ಕಣ್ತಪ್ಪಿಸಿ ಬರುವುದು ಯಾರಿಗೂ ಸಾಧ್ಯವಿರಲಿಲ್ಲ.

ಅಲ್ಲಿಂದ ತಿಯೆಪ್ವಾಲ್‌ಗೆ ಒಂದು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು, ಬಹುತೇಕ ಸಮತಟ್ಟು. 45 ಮೀಟರ್ ಎತ್ತರದ ಆ ಇಟ್ಟಿಗೆಯ ಕಮಾನು ಗುರುತಿನದು ಅನ್ನಿಸಿದರೆ ಆಶ್ಚರ್ಯವಿಲ್ಲ. ದೆಹಲಿಯ ಇಂಡಿಯಾ ಗೇಟ್ ರೂಪಿಸಿದ ಎಡ್ವಿನ್ ಲಟ್ಯೆನ್ಸ್ ಅವರದೇ ವಿನ್ಯಾಸ, 1932ರಲ್ಲಿ ಅನಾವರಣವಾಯಿತು. ದೇಹ ಸಿಗದ, ಸಿಕ್ಕಿದರೂ ಗುರುತು ಹತ್ತದ 72,000ಕ್ಕೂ ಹೆಚ್ಚು ಮಂದಿಯ ಹೆಸರು ಕಂಬಗಳ ಮೇಲಿದೆ. ಹಿಂಭಾಗದಲ್ಲಿ ಮುನ್ನೂರು ಫ್ರೆಂಚ್ ಶಿಲುಬೆಗಳು, ಮುನ್ನೂರು ಬ್ರಿಟಿಷ್ ಕಡೆಯ ಕಲ್ಲುಗಳು ಎದುರುಬದುರಾಗಿವೆ. ಶೌಚಾಲಯ ಇಲ್ಲಿನ ಮಾಹಿತಿ ಕೇಂದ್ರದಲ್ಲಿದೆ. ಬಳಸಿಕೊಳ್ಳಿ, ಮುಂದೆ ಸುಲಭಕ್ಕೆ ಸಿಗುವುದಿಲ್ಲ. ಕೊನೆಗೆ ಒತ್ವೀಲ್ ಹಳ್ಳಿಗೆ ಇಳಿದು ಅಲ್ಲಿಗೆ ಟ್ಯಾಕ್ಸಿ ಕರೆಸಿಕೊಳ್ಳಿ. ಒಟ್ಟು ಏಳು ಕಿಲೋಮೀಟರ್ ಆಸುಪಾಸು. ಬೇಗ ಬೇಗ ನಡೆದರೆ ಎರಡು ಗಂಟೆಯ ದಾರಿ. ನೀವು ಅದಕ್ಕೆ ಇಡೀ ದಿನ ಕೊಡಿ.

ಎರಡನೆಯದು ಲಾ ಬ್ವಾಸೆಲ್‌ನ ಲಾಕ್‌ನಗರ್ ಕುಳಿ. ಬ್ರಿಟಿಷ್ ಸುರಂಗಗಾರರು ಜರ್ಮನ್ ಸಾಲಿನಡಿ ಸುಮಾರು 27 ಟನ್ ಸಿಡಿಮದ್ದು ತುಂಬಿ ಬೆಳಿಗ್ಗೆ 7.28ಕ್ಕೆ, ದಾಳಿಗೆ ಎರಡೇ ನಿಮಿಷ ಮೊದಲು, ಸಿಡಿಸಿದರು. ಹೆಚ್ಚುಕಡಿಮೆ ನೂರು ಮೀಟರ್ ಅಗಲದ, ಇಪ್ಪತ್ತು ಮೀಟರಿಗೂ ಆಳದ ಬಾಯಿ ಈಗಲೂ ಹಾಗೇ ಇದೆ. ಮುಚ್ಚಿಹೋಗದಿರಲಿ ಎಂದು 1978ರಲ್ಲಿ ಒಬ್ಬ ಇಂಗ್ಲಿಷ್ ವ್ಯಕ್ತಿ ಸ್ವಂತ ಹಣದಲ್ಲಿ ಕೊಂಡ ಜಾಗ ಇದು. ಸುತ್ತಲೂ ಹಲಗೆ ದಾರಿ ಹಾಕಿದ್ದಾರೆ. ಎಲ್ಲರೂ ಕುಳಿಯನ್ನು ನೋಡಿ ಹೊರಟುಬಿಡುತ್ತಾರೆ. ನೀವು ಅದಕ್ಕೆ ಬೆನ್ನು ಮಾಡಿ ಆಲ್ಬೇರ್ ಕಡೆಯ ಎತ್ತರದತ್ತ ಕಣ್ಣು ಹಾಯಿಸಿ. ಉತ್ತರ ಇಂಗ್ಲೆಂಡಿನ ಟೈನ್ ನದಿಯ ಸೀಮೆಯ ಪಡೆಗಳು ಆ ದೂರದ ಇಳಿಜಾರಿನಿಂದ ಬಯಲಲ್ಲೇ ನಡೆದು ಬಂದವು. ತಮ್ಮದೇ ಮುಂಚೂಣಿ ತಲುಪುವ ಮೊದಲೇ ನೂರಾರು ಜನ ಉರುಳಿದರು. ಹತ್ತು ಮೈಲಿ ಬರಹ ಓದಿದರೂ ಅರ್ಥವಾಗದ್ದು ಇಲ್ಲಿ ಕಣ್ಣಳತೆಯಲ್ಲಿ ಅರ್ಥವಾಗುತ್ತದೆ. ಕುಳಿಯಿಂದ ಹೊಲದ ದಾರಿ ಹಿಡಿದು ಬೆಕೂರ್ ಮೂಲಕ ಫ್ರಿಕೂರ್‌ಗೆ ನಾಲ್ಕೈದು ಕಿಲೋಮೀಟರ್. ಫ್ರಿಕೂರ್‌ನಲ್ಲಿ ಜರ್ಮನ್ ಸಮಾಧಿ ಸ್ಥಳವಿದೆ, ಅದನ್ನು ಬಿಡಬೇಡಿ. 17,000ಕ್ಕೂ ಹೆಚ್ಚು ಮಂದಿ, ಹೆಚ್ಚಿನವರು ಸಾಮೂಹಿಕ ಗುಂಡಿಗಳಲ್ಲಿ. ಹೂಗಿಡಗಳಿಲ್ಲ, ಲೋಹದ ಕಪ್ಪು ಶಿಲುಬೆಗಳು, ನಡುನಡುವೆ ಯಹೂದಿ ಸೈನಿಕರ ಕಲ್ಲುಗಳು. ಸೋತವರ ಸ್ಮಶಾನಕ್ಕೆ ಬರುವವರು ಕಡಿಮೆ.

ಈಗ ನಮ್ಮವರ ಗುರುತು. ಸೊಮ್ ಕದನದ ಹೊತ್ತಿಗೆ ಭಾರತೀಯ ಕಾಲಾಳು ಪಡೆಗಳು ಫ್ರಾನ್ಸ್ ಬಿಟ್ಟು ಮೆಸಪಟೋಮಿಯಾಗೆ (ಇಂದಿನ ಇರಾಕ್) ಹೋಗಿಯಾಗಿತ್ತು, ಅಶ್ವದಳ ಉಳಿದಿತ್ತು. ಜುಲೈ 14ರ ಸಂಜೆ ಸಿಕಂದರಾಬಾದ್ ಬ್ರಿಗೇಡಿನ 20ನೇ ಡೆಕ್ಕನ್ ಹಾರ್ಸ್ ಮತ್ತು ಅದೇ ಬ್ರಿಗೇಡಿನ ಒಂದು ಬ್ರಿಟಿಷ್ ಕುದುರೆಪಡೆ ಲೋಂಗ್‌ವಾಲ್ ಹಳ್ಳಿ ಮತ್ತು ಹೈ ವುಡ್ ಕಾಡಿನ ನಡುವಿನ ಪೈರಿನ ಹೊಲಗಳಲ್ಲಿ ಈಟಿ ಹಿಡಿದು ನುಗ್ಗಿದವು. ಮೆಷಿನ್‌ಗನ್‌ಗಳ ಯುದ್ಧದಲ್ಲಿ ಈಟಿ. ಎರಡು ತಿಂಗಳ ಮೇಲೆ, ಸೆಪ್ಟೆಂಬರ್ 15ರಂದು, ಇದೇ ದಿಬ್ಬದ ಸಾಲಿನಲ್ಲಿ ಜಗತ್ತಿನ ಮೊದಲ ಟ್ಯಾಂಕುಗಳು ಉರುಳಿದವು. ಲೋಂಗ್‌ವಾಲ್‌ನಿಂದ ಹೈ ವುಡ್‌ವರೆಗಿನ ಎರಡು ಕಿಲೋಮೀಟರ್ ನಡಿಗೆಯಲ್ಲಿ ಈ ಎರಡೂ ಕಾಲ ಅಕ್ಕಪಕ್ಕ ಸಿಗುತ್ತವೆ. ಕುದುರೆಗಳ ಗುರುತನ್ನು ಹುಡುಕಲು ಹೋಗಬೇಡಿ, ಹೊಲವೇ ಗುರುತು. ಹೈ ವುಡ್ ಖಾಸಗಿ ಕಾಡು, ಒಳಗೆ ಹೋಗುವಂತಿಲ್ಲ, ಅಂಚಿನ ದಾರಿಯಲ್ಲಿ ನಡೆಯಬಹುದು. ಲೋಂಗ್‌ವಾಲ್ ಪಕ್ಕದ ಡೆಲ್ವಿಲ್ ಕಾಡು ಮಾತ್ರ ತೆರೆದಿದೆ. ದಕ್ಷಿಣ ಆಫ್ರಿಕಾದವರ ಸ್ಮಾರಕ. ಇಡೀ ಕಾಡಿನಲ್ಲಿ ಕದನದಿಂದ ಬದುಕಿ ಉಳಿದದ್ದು ಒಂದೇ ಒಂದು ಹಾರ್ನ್‌ಬೀಮ್ ಮರ. ಈಗಲೂ ಚಿಗುರುತ್ತದೆ.

ಪೆರೋನ್‌ನ ದಕ್ಷಿಣಕ್ಕೆ ಲಾ ಶಾಪೆಲೆತ್‌ನಲ್ಲಿ ಭಾರತೀಯರ ಸಮಾಧಿಗಳಿವೆ. ಆದರೆ ಮುಖ್ಯ ಸ್ಮಾರಕ ಸೊಮ್‌ನಲ್ಲಿಲ್ಲ, ಉತ್ತರಕ್ಕೆ ಅರವತ್ತು ಕಿಲೋಮೀಟರ್ ಆಸುಪಾಸಿನ ನವ್ ಶಾಪೆಲ್‌ನಲ್ಲಿದೆ. 1915ರ ಮಾರ್ಚ್ 10ರಿಂದ 13ರವರೆಗೆ ನಡೆದ ದಾಳಿಯಲ್ಲಿ ಭಾರತೀಯ ಪಡೆಗಳು ದೊಡ್ಡ ಪಾಲು ಹೊತ್ತವು. ಗಡವಾಲಿನ ಗಬ್ಬರ್ ಸಿಂಗ್ ನೇಗಿ ಅವರಿಗೆ ಮರಣೋತ್ತರವಾಗಿ ಬ್ರಿಟನ್ನಿನ ಅತ್ಯುನ್ನತ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಬಂದದ್ದು ಇಲ್ಲಿನ ಹೋರಾಟಕ್ಕೆ. ಹರ್ಬರ್ಟ್ ಬೇಕರ್ ರೂಪಿಸಿದ ಸ್ಮಾರಕ 1927ರದು: ಅಶೋಕ ಸ್ತಂಭವನ್ನು ನೆನಪಿಸುವ ಕಂಬ, ಕಮಲ, ಕಲ್ಲಿನ ಜಾಲಂಧ್ರ, ಛತ್ರಿ, ಕಾವಲಿಗೆ ಹುಲಿಗಳು. ಫ್ರಾನ್ಸ್, ಬೆಲ್ಜಿಯಂಗಳಲ್ಲಿ ಸತ್ತು ಸಮಾಧಿ ಇಲ್ಲದ 4,700ಕ್ಕೂ ಹೆಚ್ಚು ಭಾರತೀಯರ ಹೆಸರುಗಳಿವೆ. ಮಗಳು ಕಾರು ತಂದರೆ ಅರ್ಧ ದಿನ ಮೀಸಲಿಡಿ. ಅಲ್ಲಿ ನಡೆಯುವ ದಾರಿಯೇನೂ ಇಲ್ಲ, ರಸ್ತೆ ಕೂಡುವ ಜಾಗ ಅದು. ಆದರೂ ಅಷ್ಟು ದೂರ ಬಂದು ನೋಡದೆ ಹೋಗುವುದು ಸರಿಯಲ್ಲ.

ಇನ್ನು ಶೆಲ್‌ಗಳ ಮಾತು. ಹೌದು, ಇವೆ. ಅಂದು ಹಾರಿಸಿದ್ದರಲ್ಲಿ ಬಹಳಷ್ಟು ಸಿಡಿಯಲೇ ಇಲ್ಲ, ಪ್ರತಿ ವರ್ಷ ನೇಗಿಲು ಅವನ್ನು ಮೇಲೆ ತರುತ್ತದೆ. ರೈತರು ಎತ್ತಿ ಹೊಲದ ಬದುವಿನಲ್ಲೋ ಕಂಬದ ಬುಡದಲ್ಲೋ ಇಡುತ್ತಾರೆ, ಸರ್ಕಾರದ ಸಿಡಿಮದ್ದು ತಂಡದವರು ಬಂದು ಒಯ್ಯುತ್ತಾರೆ. ತುಕ್ಕು ಹಿಡಿದ ಸೋರೆಕಾಯಿಯಂತೆ ಕಾಣುವ ಅದನ್ನು ಮುಟ್ಟಬೇಡಿ, ಕಾಲಿನಿಂದ ಹೊರಳಿಸಬೇಡಿ, ಪಕ್ಕ ಕೂತು ಫೋಟೋ ತೆಗೆಸಿಕೊಳ್ಳಬೇಡಿ. ಕೆಲವದರಲ್ಲಿ ವಿಷಾನಿಲವಿದೆ. ಗುರುತು ಹಾಕಿದ ದಾರಿಯಲ್ಲೇ ನಡೆಯುವವರಿಗೆ ಭಯವಿಲ್ಲ. ನಿಜ ಹೇಳಬೇಕೆಂದರೆ ನಿಮಗೆ ಇಲ್ಲಿ ಹೆಚ್ಚು ಅಪಾಯ ಹಳ್ಳಿ ರಸ್ತೆಯ ಕಾರುಗಳಿಂದ. ಫ್ರಾನ್ಸಿನಲ್ಲಿ ವಾಹನ ಬಲಗಡೆ. ನೀವು ಎಡಗಡೆ, ಎದುರು ಬರುವ ಗಾಡಿ ಕಾಣುವಂತೆ ನಡೆಯಿರಿ. ದಾಟುವಾಗ ಮೊದಲು ಎಡಕ್ಕೆ ನೋಡಿ. ಹೊಲದಲ್ಲಿ ಸಿಕ್ಕ ಗುಂಡು, ಸೀಸದ ಉಂಡೆ ಇತ್ಯಾದಿ ನೆನಪಿಗೆಂದು ಜೇಬಿಗೆ ಹಾಕಿಕೊಳ್ಳಬೇಡಿ. ವಿಮಾನ ನಿಲ್ದಾಣದಲ್ಲಿ ತೊಂದರೆಗೆ ಸಿಕ್ಕಿಬೀಳುತ್ತೀರಿ.

ನಿಮ್ಮ ಅಳುಕಿನ ಬಗ್ಗೆ. ಈ ಬ್ರಿಟಿಷ್ ಸಮಾಧಿ ಸ್ಥಳಗಳನ್ನು ಕಟ್ಟಿದವರೇ ಅವು ತೋಟಗಳಂತಿರಬೇಕೆಂದು ಬಯಸಿದರು. ಗಿಡ ಯಾವುದು, ಹೂ ಯಾವುದು ಎಂದು ನಿರ್ಧರಿಸುವುದರಲ್ಲಿ ಅಂದಿನ ಹೆಸರಾಂತ ತೋಟ ವಿನ್ಯಾಸಗಾರ್ತಿ ಗರ್ಟ್ರೂಡ್ ಜೀಕಿಲ್ ಅವರ ಕೈಯೂ ಇತ್ತು. ಅಧಿಕಾರಿ, ಸಾಮಾನ್ಯ ಸೈನಿಕ ಎಂಬ ಭೇದವಿಲ್ಲದೆ ಎಲ್ಲರಿಗೂ ಒಂದೇ ಅಳತೆಯ ಕಲ್ಲು ಎಂಬುದೂ ಹಟ ಹಿಡಿದು ತಂದ ನಿಯಮ. ಬಂದು ಕೂರಲಿ, ಓದಲಿ ಎಂದೇ ಬೆಂಚುಗಳಿವೆ. ಬಾಗಿಲ ಬಳಿಯ ಗೂಡಿನಲ್ಲಿ ಹೆಸರುಗಳ ಪುಸ್ತಕವಿರುತ್ತದೆ. ಬುತ್ತಿ ಬಿಚ್ಚುವುದು ಗೋಡೆಯ ಹೊರಗೆ, ಅಷ್ಟೇ. ಊರಿನವರು ಈ ಹೊಲಗಳಲ್ಲಿ ಗೋಧಿ, ಅಗಸೆ, ಸಕ್ಕರೆ ಬೀಟ್ ಬೆಳೆದು ಬದುಕುತ್ತಿದ್ದಾರೆ. ಇಡೀ ಸೀಮೆಯನ್ನೇ ಸೂತಕದ ಮನೆಯೆಂದು ನೀವು ಭಾವಿಸಿದರೆ ಅವರಿಗೂ ಮುಜುಗರ. ನಗು ಬಂದರೆ ನಕ್ಕುಬಿಡಿ.

ಆದರೂ ಮೂರು ದಿನ ಹೆಸರುಗಳನ್ನು ಓದಿದ ಮೇಲೆ ಮನಸ್ಸು ಭಾರವಾಗುತ್ತದೆ. ನಾಲ್ಕನೇ ದಿನವನ್ನು ನದಿಗೆ ಕೊಡಿ. ಸೊಮ್ ನದಿಯ ಕಾಲುವೆ ಪಕ್ಕದಲ್ಲಿ ಹಿಂದೆ ದೋಣಿ ಎಳೆಯುತ್ತಿದ್ದ ದಾರಿ ಈಗ ನಡೆಯುವವರಿಗೂ ಸೈಕಲ್ಲಿನವರಿಗೂ ಇದೆ, ಅಂಗೈಯಷ್ಟು ಸಮತಟ್ಟು. ಫ್ರ್ವಾಸಿಯಿಂದ ಕಾಪಿ ದಾಟಿ ಎಕ್ಲುಸಿಯೆ-ವೋ ಕಡೆಗೆ ಸಾಕೆನಿಸುವಷ್ಟು ನಡೆದು ಹಿಂದಿರುಗಿ. ಕೆರೆಗಳು, ಪಾಪ್ಲರ್ ಮರಗಳು, ಗಾಳ ಹಾಕಿ ಕೂತ ಮುದುಕರು. ಯುದ್ಧ ಇಲ್ಲೂ ಇದೆ, ಆದರೆ ಪಕ್ಕಕ್ಕೆ ಸರಿದು ನಿಂತಿದೆ: ಫ್ರ್ವಾಸಿಯ ಪುಟ್ಟ ರೈಲು ಫಿರಂಗಿಗಳಿಗೆ ಮದ್ದು ಸಾಗಿಸಲು ಹಾಕಿದ ಹಳಿಯ ಮೇಲೆ ಓಡುತ್ತದೆ, ಜರ್ಮನಿಯ ಪ್ರಸಿದ್ಧ ಪೈಲಟ್ ರಿಚ್ಟ್‌ಹೋಫೆನ್ 1918ರ ಏಪ್ರಿಲ್ 21ರಂದು ಕೊನೆಯ ಬಾರಿ ಮೇಲೇರಿದ್ದು ಕಾಪಿಯಿಂದ. ರೈಲು ಎಲ್ಲ ದಿನವೂ ಇರುವುದಿಲ್ಲ, ಮೊದಲೇ ವಿಚಾರಿಸಿಕೊಳ್ಳಿ.

ಮೇ ಕೊನೆ ಒಳ್ಳೆಯ ಆಯ್ಕೆ. ಪಾಪಿ ಹೂ ಶುರುವಾಗಿರುತ್ತದೆ. ಮೆಕ್ಕೆಜೋಳದ ಪೈರು ಆಳೆತ್ತರ ಬೆಳೆದು ನೋಟ ಮುಚ್ಚುವುದು ಆಗಸ್ಟ್ ಹೊತ್ತಿಗೆ. ಜುಲೈ 1ರ ಸುತ್ತಮುತ್ತ ಮಾತ್ರ ಬೇಡ, ಸಮಾರಂಭಗಳ ಜನಜಂಗುಳಿ. ಮೇನಲ್ಲಿ ಫ್ರಾನ್ಸಿಗೆ ರಜೆಗಳು ಹೆಚ್ಚು, ಆ ದಿನ ರೈಲು ಕಡಿಮೆ, ಅಂಗಡಿ ಮುಚ್ಚಿರುತ್ತವೆ. ಟಿಕೆಟ್ ಮಾಡುವ ಮೊದಲು ಮಗಳಿಂದ ಕ್ಯಾಲೆಂಡರ್ ನೋಡಿಸಿ. ಹಳ್ಳಿಗಳಲ್ಲಿ ಅಂಗಡಿ, ಹೋಟೆಲ್ ಇಲ್ಲವೆಂದೇ ತಿಳಿದು ನೀರು, ಬ್ರೆಡ್, ಹಣ್ಣು ಆಲ್ಬೇರ್‌ನಲ್ಲೇ ಕಟ್ಟಿಕೊಳ್ಳಿ. ಮಳೆ ಬಿದ್ದರೆ ಹೊಲದ ದಾರಿಯ ಮಣ್ಣು ಬೂಟಿಗೆ ಮೆತ್ತಿ ಒಂದೊಂದು ಹೆಜ್ಜೆಗೂ ತೂಕ ಏರುತ್ತದೆ. ಆ ದಿನ ಮಂಡಿಯವರನ್ನು ಹೊಲಕ್ಕೆ ಕರೆದೊಯ್ಯದೆ ಟಾರು ರಸ್ತೆ ಅಥವಾ ಕಾಲುವೆ ದಾರಿಗೆ ಬದಲಾಯಿಸಿ, ಒಂದು ಊರುಗೋಲು ಇರಲಿ. ಹುಲ್ಲಿನಲ್ಲಿ ರಕ್ತ ಹೀರುವ ಉಣ್ಣೆಹುಳು ಹತ್ತುತ್ತವೆ, ಉದ್ದನೆಯ ಪ್ಯಾಂಟು ಹಾಕಿ. ಸಣ್ಣ ಸ್ಥಳೀಯ ನಡಿಗೆಗಳಿಗೆ ಹಳದಿ ಗೆರೆಯ ಗುರುತು, ದೂರದ ದಾರಿಗಳಿಗೆ ಬಿಳಿ-ಕೆಂಪು. ಎರಡು ಗೆರೆ ಕತ್ತರಿಯಂತೆ ಒಂದರ ಮೇಲೊಂದು ಹಾದಿದ್ದರೆ ಆ ದಾರಿ ನಿಮ್ಮದಲ್ಲ, ಹಿಂದಕ್ಕೆ ಬಂದು ಹಿಂದಿನ ಗುರುತನ್ನು ಹುಡುಕಿ.